ಮುಖಕ್ಕೊಂದು ಬಟ್ಟೆ, ಕಾಲಿಗೊಂದು ಬಟ್ಟೆ

ಈ ಪರದೇಶದ ಮನುಕಾವ್ ಊರಿನಲ್ಲಿ ನರ್ಸಿಂಗ್ ಕೋರ್ಸ್ ಮಾಡುತ್ತಿರುವ ನಮ್ಮ ಕಡೆಯ ಹುಡುಗಿಯರು ಆಗಾಗ ಭಾನುವಾರ ನಮ್ಮ ಮನೆಗೆ ಬರುತ್ತಾರೆ. ಬರುವುದು ಜೋಳದ ರೊಟ್ಟಿಯ ಆಸೆಗೆ, ನನ್ನ ಮೇಲಿನ ಪ್ರೀತಿಗಲ್ಲ. ಇರಲಿ, ರೊಟ್ಟಿಯೂ ನನ್ನದೇ ತಾನೆ. ಉಂಡಾದ ಮೇಲೆ, "ಆಂಟಿ, ರೆಸ್ಟ್ ಹೋಮ್ ಕೆಲಸ ಹೇಗಿರುತ್ತೆ?" ಎಂದು ಕೇಳುತ್ತಾರೆ. ಕೇಳುವಾಗಲೇ ಮುಖದಲ್ಲಿ ಒಂದು ಅಸಡ್ಡೆ. ದೊಡ್ಡ ಆಸ್ಪತ್ರೆಯಲ್ಲಿ ಜಾಗ ಸಿಗುವ ತನಕ ಮುದುಕರ ಮನೆಯಲ್ಲಿ ದಿನ ದೂಡಿದರಾಯಿತು ಎಂಬ ಲೆಕ್ಕ.

ನಾನು ಒನೆಹುಂಗಾದ ಅಂಥದೊಂದು ಮುದುಕರ ಮನೆಯಲ್ಲಿ ಕೂದಲು ಬೆಳ್ಳಗಾಗುವ ತನಕ ನರ್ಸಾಗಿ ದುಡಿದು ಹೋದ ವರ್ಷ ನಿವೃತ್ತಳಾದೆ. ವೀಸಾ, ರಿಜಿಸ್ಟ್ರೇಷನ್, ಸೀನಿಯರ್ ಆಗುವ ದಾರಿ, ಇವೆಲ್ಲ ನಿಮ್ಮ ಫೋನಿನಲ್ಲಿ ಸಿಗುತ್ತವೆ. ಇನ್ನೊಬ್ಬರ ಮೈ ತೊಳೆಯುವುದು ಹೇಗೆ ಎಂಬುದು ಸಿಗುವುದಿಲ್ಲ. ನಗಬೇಡಿ. ಈ ವೃತ್ತಿಯಲ್ಲಿ ನಾನು ಕಂಡ ಅತಿ ದೊಡ್ಡ ಜಗಳ ನಡೆದದ್ದು ಒಂದು ಬೇಸಿನ್ ನೀರಿನ ಮೇಲೆ. ಆ ಜಗಳ ಗೆದ್ದವಳ ವಿಷಯ ಹೇಳುತ್ತೇನೆ.

ಅದಕ್ಕೆ ಮೊದಲು ಹೇಳುವವಳು ಯಾರೆಂದು ಗೊತ್ತಿರಲಿ. ನನ್ನ ಹೆಸರು ಯಲ್ಲವ್ವ. ಇಲ್ಲಿನ ಬ್ಯಾಡ್ಜಿನಲ್ಲಿ ಅದು 'ಎಲಾ' ಆಯಿತು. ಊರು ಬೆಟಗೇರಿ, ಅದರಲ್ಲೂ ಸೆಟ್ಲಮೆಂಟು. ಬೆಂಗಳೂರು, ಮೈಸೂರಿನ ಕಡೆಯವರಿಗೆ ಸೆಟ್ಲಮೆಂಟ್ ಎಂದರೆ ಏನೆಂದು ಗೊತ್ತಿರಲಿಕ್ಕಿಲ್ಲ. ಬ್ರಿಟಿಷರು ಕೆಲವು ಜಾತಿಗಳವರನ್ನು ಹುಟ್ಟಾ ಕಳ್ಳರೆಂದು ಕಾಯಿದೆ ಮಾಡಿ, ಊರ ಹೊರಗೆ ಮುಳ್ಳುತಂತಿಯೊಳಗೆ ಕೂಡಿಹಾಕಿದ ಜಾಗ ಅದು. ನಾವು ಕೊರವರು. ಬುಟ್ಟಿ ಹೆಣೆಯುವ, ಕಸಬರಿಗೆ ಕಟ್ಟುವ, ಕಣಿ ಹೇಳುವ ಜನ. ನನ್ನ ಅಜ್ಜಿ ದಿನಾ ಹಾಜರಿ ಕೊಡಬೇಕಿತ್ತು, ಪಾಸಿಲ್ಲದೆ ಸಂತೆಗೂ ಹೋಗುವಂತಿರಲಿಲ್ಲ. ಏನು ಕದ್ದಿದ್ದಳು? ಹುಟ್ಟಿದ್ದಳು, ಅಷ್ಟೇ. ಸ್ವಾತಂತ್ರ್ಯ ಬಂದ ಮೇಲೆ ತಂತಿ ಕಿತ್ತರು, ಹೆಸರು ಉಳಿಯಿತು.

ಈ ದೇಶಕ್ಕೆ ಹೊಸದಾಗಿ ಬಂದಾಗ ಯುಗಾದಿ ಊಟಕ್ಕೆಂದು ಒಂದು ಬಾಡಿಗೆ ಹಾಲಿಗೆ ಹೋಗಿದ್ದೆವು. ಹೋಳಿಗೆ ಬಡಿಸುತ್ತಿದ್ದ ಧಾರವಾಡದ ಅಂಕಲ್ ಒಬ್ಬರು ಕೇಳಿದರು.

"ನಿಮ್ದು ಯಾವೂರ್ರಿ?"

"ಬೆಟಗೇರಿರಿ."

"ಓಹೋ, ನಮ್ಮ ಮಗ್ಗಲಾ ಆತಲ್ರಿ! ಬೆಟಗೇರಿಯೊಳಗ ಎಲ್ಲಿ?"

"ಸೆಟ್ಲಮೆಂಟಿನ್ಯಾಗ್ರಿ."

ಹೋಳಿಗೆ ಅವರ ಕೈಯಲ್ಲೇ ನಿಂತಿತು. "ಹಾಕ್ರಿ, ಮ್ಯಾಲ ತುಪ್ಪಾನೂ ಹಾಕ್ರಿ," ಅಂದೆ. ಹಾಕಿದರು ಪಾಪ. ಮನೆಗೆ ಬರುವಾಗ ಕಾರಿನಲ್ಲಿ ಮಗಳು, "ಅಮ್ಮಾ, ಜಸ್ಟ್ ಸೇ ನಿಯರ್ ಹುಬ್ಳಿ!" ಎಂದು ತಲೆ ಚಚ್ಚಿಕೊಂಡಳು. ಹುಬ್ಬಳ್ಳಿಯ ಹತ್ತಿರ ಬೇಕಾದಷ್ಟು ಊರುಗಳಿವೆ, ನನ್ನ ಊರು ಮಾತ್ರ ಒಂದೇ ಎಂದು ಅವಳಿಗೆ ಹೇಳಿದೆ. ನನ್ನ ಸ್ವಭಾವವೇ ಹೀಗೆ. ಯಾರಾದರೂ ಸುತ್ತಿ ಬಳಸಿ ಜಾತಿ ಕೇಳಿದರೆ ನಾನು ನೆಟ್ಟಗೆ ಹೇಳಿ ಅವರ ಮುಖ ನೋಡುತ್ತೇನೆ.

ಇನ್ನೊಂದು ಮಾತು. ಮಡಿ ಎಂಬ ಶಬ್ದ ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ನಮ್ಮಜ್ಜಿ ಕಟ್ಟಿದ ಕಸಬರಿಗೆ ಊರವರ ದೇವರ ಕೋಣೆಯನ್ನು ಗುಡಿಸುತ್ತಿತ್ತು. ಅಜ್ಜಿ ಮಾತ್ರ ಅವರ ಹೊಸ್ತಿಲು ದಾಟುವಂತಿರಲಿಲ್ಲ. ಬಿಸಿಲಲ್ಲಿ ನೀರು ಕೇಳಿದರೆ ಅವಳ ಬೊಗಸೆಗೆ ಮೇಲಿನಿಂದ ಸುರಿಯುತ್ತಿದ್ದರು, ಚೊಂಬು ತಾಗದ ಹಾಗೆ. ನಾನು ಚಿಕ್ಕವಳಾಗಿ ಅವಳ ಸೆರಗು ಹಿಡಿದು ನಿಂತು ಅದನ್ನು ನೋಡಿದ್ದೇನೆ. ನರ್ಸಾಗಬೇಕೆಂಬ ಹಟ ಹುಟ್ಟಿದ್ದು ಅಲ್ಲೇ. ಎಲ್ಲರ ಮೈಯನ್ನೂ ಮುಟ್ಟುವ ಕೆಲಸ ಹಿಡಿಯುತ್ತೇನೆ, ಆಮೇಲೆ ಯಾರು ನನ್ನನ್ನು ದೂರ ನಿಲ್ಲಿಸುತ್ತಾರೋ ನೋಡೋಣ ಅಂದುಕೊಂಡೆ.

ನಾನು ಕೆಲಸಕ್ಕೆ ಸೇರಿದಾಗ ಜನರನ್ನು ಎತ್ತಲು ನಮ್ಮ ಸೊಂಟವೇ ಯಂತ್ರ. ಆಮೇಲೆ ಎತ್ತುವ ಯಂತ್ರವೇ ಬಂತು, ನಮ್ಮ ಸೊಂಟ ಬದುಕಿತು. ಗೀಚಿ ಗೀಚಿ ಬರೆಯುತ್ತಿದ್ದ ವರದಿಗಳು ಟ್ಯಾಬ್ಲೆಟ್ಟಿಗೆ ಹೋದವು. ಬದಲಾಗದೆ ಉಳಿದದ್ದು ಬೆಳಗಿನ ಓಟ. ತಿಂಡಿಯ ಹೊತ್ತಿಗೆ ಎಲ್ಲರ ಮೈ ಒರೆಸಿ, ಬಟ್ಟೆ ಹಾಕಿ, ಕೂರಿಸಬೇಕು. ಒಂದು ಬೇಸಿನ್ ಬಿಸಿನೀರು, ಫ್ಲ್ಯಾನೆಲ್ ಎಂದು ಇಲ್ಲಿ ಕರೆಯುವ ಚಿಕ್ಕ ಟವೆಲು, ಮುಖದಿಂದ ಶುರು, ಪಾದಕ್ಕೆ ಮುಕ್ತಾಯ. ಫ್ಲ್ಯಾನೆಲುಗಳೆಲ್ಲ ಬಿಳಿ, ಎಲ್ಲ ಒಂದೇ ಮಷಿನ್ನಿಗೆ ಬೀಳುತ್ತಿದ್ದವು. ಇವತ್ತು ಮುಖಕ್ಕೆ ಬಂದ ಬಟ್ಟೆ ನಿನ್ನೆ ಎಲ್ಲಿಗೆ ಹೋಗಿತ್ತೆಂದು ದೇವರೇ ಬಲ್ಲ.

ಈ ನಾಡಿನ ಮೂಲನಿವಾಸಿಗಳಾದ ಮಾವೊರಿಗಳಿಗೆ ಮಾತ್ರ ಬೇರೆ ಕ್ರಮ ಇತ್ತು. ಅದು ನನಗೆ ತಿಳಿದದ್ದು ಬೈಸಿಕೊಂಡು. ನಮ್ಮಲ್ಲಿ ನ್ಯಾನಿ ಹಿನೆ, ಅಂದರೆ ಹಿನೆ ಅಜ್ಜಿ, ಎಂಬ ಮಾವೊರಿ ಮುದುಕಿ ಇದ್ದಳು. ಅವಳ ಕಾಲು ಊದಿಕೊಂಡಿದೆ ಎಂದು ನಾನು ಅವಳ ತಲೆದಿಂಬನ್ನೇ ತೆಗೆದು ಕಾಲ ಕೆಳಗಿಟ್ಟೆ. ಅವಳು ಮಂಚದಿಂದ ಎದ್ದು ನನ್ನನ್ನು ಕೊಲ್ಲುವುದೊಂದು ಬಾಕಿ! ಮಾವೊರಿಗಳಿಗೆ ತಲೆ ಪವಿತ್ರ. ತಲೆಗೆ ಮುಟ್ಟಿಸಿದ್ದನ್ನು ಕಾಲಿಗೆ ಮುಟ್ಟಿಸಬಾರದು, ಊಟದ ಬಟ್ಟೆಯನ್ನು ಮೈಬಟ್ಟೆಯ ಜೊತೆ ಒಗೆಯಬಾರದು. ನಮ್ಮ ಮ್ಯಾನೇಜರ್ ಟ್ರೇಸಿ ಇದಕ್ಕೆಂದೇ ಮುಖಕ್ಕೆ ಬಿಳಿ, ಮೈಗೆ ನೀಲಿ ಫ್ಲ್ಯಾನೆಲುಗಳನ್ನು ತರಿಸಿ ಒಂದು ಕಪಾಟಿನಲ್ಲಿ ಬೇರೆ ಇಟ್ಟಿದ್ದಳು. ಆ ಮಟ್ಟಿಗೆ ಅವಳು ಒಳ್ಳೆಯ ಮ್ಯಾನೇಜರ್. ಪುಸ್ತಕದಲ್ಲಿ ಇದ್ದದ್ದನ್ನು ಚಾಚೂ ತಪ್ಪದೆ ಮಾಡುವವಳು. ಪುಸ್ತಕದಲ್ಲಿ ಇಲ್ಲದ್ದು ಎದುರಾದಾಗಲೇ ಅವಳ ಕೈಕಾಲು ಆಡುತ್ತಿರಲಿಲ್ಲ.

ನ್ಯಾನಿ ಹಿನೆಯ ಎದುರು ಕೋಣೆಗೆ ಬಂದವಳು ಆನಾ. ಎಂಬತ್ತು ದಾಟಿದ ಸಣಕಲು ಹೆಂಗಸು, ಸೊಂಟ ಮುರಿದಿತ್ತು, ನಾಲಗೆ ನೆಟ್ಟಗಿತ್ತು. ಆಸ್ಟ್ರಿಯಾದವಳು. ಹಿಂದೆ ಇಲ್ಲಿ ಸರಕಾರಿ ಮನೆಗಳನ್ನು ಕಟ್ಟಲು ಆಸ್ಟ್ರಿಯಾದಿಂದ ಬಡಗಿಗಳನ್ನು ಕರೆಸಿದ್ದರಂತೆ. ಅಂಥ ಒಬ್ಬ ಬಡಗಿಯ ಹೆಂಡತಿಯಾಗಿ ಬಂದು ಇಲ್ಲೇ ವಿಧವೆಯಾಗಿದ್ದಳು. ಒಬ್ಬನೇ ಮಗ ಪೀಟರ್. ಈಸ್ಟ್ ತಮಾಕಿಯ ಒಂದು ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕೆಲಸ, ಹಿಂದೆ ಸಾಮಾನು ಹೇರುವ ದೊಡ್ಡ ಯೂಟ್ ಗಾಡಿ, ಕಡಿಮೆ ಮಾತು. ಆನಾಳ ಫೈಲಿನಲ್ಲಿ ಜನಾಂಗದ ಜಾಗದಲ್ಲಿ 'ಯುರೋಪಿಯನ್' ಎಂದಿತ್ತು.

ಮನೆಯಲ್ಲಿದ್ದ ತನಕ ಅವಳೇ ಸ್ನಾನ ಮಾಡಿಕೊಳ್ಳುತ್ತಿದ್ದಳು. ಈಗ ಹಾಸಿಗೆಯಲ್ಲೇ ಮೈ ಒರೆಸಬೇಕು. ಒರೆಸಲು ಹೋದವರಿಗೆಲ್ಲ ಏಟು. ಬೇಸಿನ್ ಎತ್ತಿ ಎಸೆದಳು, ಒಬ್ಬಳ ಕನ್ನಡಕ ಮುರಿದಳು. ಟ್ರೇಸಿ ಹೇಳಿಯೇಬಿಟ್ಟಳು: ಇದು ಹೀಗೇ ನಡೆದರೆ ಆನಾಳನ್ನು ಹಿಂದಿನ ವಾರ್ಡಿಗೆ ಹಾಕಬೇಕಾಗುತ್ತದೆ. ಹಿಂದಿನ ವಾರ್ಡೆಂದರೆ ಬುದ್ಧಿ ಮರೆತವರ ವಾರ್ಡು. ಬಾಗಿಲಿಗೆ ನಂಬರ್ ಒತ್ತುವ ಬೀಗ, ನಂಬರ್ ಒಳಗಿದ್ದವರಿಗೆ ಗೊತ್ತಿರುವುದಿಲ್ಲ. ಆನಾಳ ಬುದ್ಧಿಯೋ, ನನ್ನ ಬುದ್ಧಿಗಿಂತ ಚುರುಕಾಗಿತ್ತು.

ಒಂದು ಬೆಳಿಗ್ಗೆ ಲೋಸಾ ಬಟ್ಟೆಯ ಕೋಣೆಯಲ್ಲಿ ನಿಂತು ಅಳುತ್ತಿದ್ದಳು. ಲೋಸಾ ನಮ್ಮ ಆರೈಕೆಯ ಕೆಲಸದ ಹುಡುಗಿ, ಸಮೋವಾ ದ್ವೀಪದವಳು. ಗಂಡಸರನ್ನೂ ಮಗುವಿನಂತೆ ಎತ್ತಿ ಕೂರಿಸುವ ಗಟ್ಟಿಗಿತ್ತಿ, ಸುಲಭಕ್ಕೆ ಅಳುವವಳಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ ನಡೆಯಿತು ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಇವರೆಲ್ಲ ನನ್ನ ನೆನಪಿನಲ್ಲಿ ಬೆಟಗೇರಿ ಕನ್ನಡವನ್ನೇ ಆಡುತ್ತಾರೆ, ಹಾಗೇ ಬರೆಯುತ್ತೇನೆ. ಟ್ರೇಸಿಗೆ ಮಾತ್ರ ಬೆಂಗಳೂರು ಕನ್ನಡ ಕೊಡುತ್ತೇನೆ, ಅವಳಿಗದು ಒಪ್ಪುತ್ತದೆ.

"ನಂಗ ಹೊಲಸು ಅಂದ್ಳು, ಎಲಾ. ಹೊಡದ್ರ ಹೊಡೀಲಿ. ಹೊಲಸು ಅಂದ್ಳು," ಎಂದಳು ಲೋಸಾ.

ನನಗೆ ಸಿಟ್ಟು ನೆತ್ತಿಗೇರಿತು. ಆ ಶಬ್ದದ ಜೊತೆ ನನಗೆ ಹಳೆಯ ಲೆಕ್ಕ ಇದೆ. ಬಾಗಿಲು ಕೂಡ ತಟ್ಟದೆ ಆನಾಳ ಕೋಣೆಗೆ ನುಗ್ಗಿದೆ.

"ಏನಂದ್ರಿ ಲೋಸಾಗ?"

"ಹೊಲಸು ಅಂದೆ."

"ಅಕಿ ಬಣ್ಣ ನೋಡಿ ಅಂದ್ರೇನು? ನಂದೂ ಅದ ಬಣ್ಣ ಐತಿ. ನಂಗೂ ಅನ್ರಿ, ನೋಡೂಣು."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಕೀಗಲ್ಲ ಅಂದದ್ದು. ಬಟ್ಟೀಗೆ. ಆ ಕೂಸಿನ ಕೈ ಛಲೋ ಐತಿ. ಬಟ್ಟಿ ಹೊಲಸು, ಬೇಸಿನ್ ಹೊಲಸು. ಎಲ್ಲೆಲ್ಲೋ ಒರಸಿದ್ದನ್ನ ನನ್ನ ಮಾರಿಗೆ ತರ್ತೀರಿ. ನನ್ನ ಚಹಾದ ಕಪ್ಪು ಎಲ್ಲಿ ತೊಳೀತೀರಿ? ಅದ ಬೇಸಿನ್ ಚೆಲ್ಲೂ ಸಿಂಕಿನ್ಯಾಗ. ಥೂ!" ಆಮೇಲೆ ಎದುರು ಕೋಣೆಯ ಕಡೆ ಬೆರಳು ಮಾಡಿದಳು. "ಆ ಮುದುಕೀಗೆ ಎರಡು ಬಟ್ಟಿ ತರ್ತೀರಿ. ಮಾರಿಗೆ ಬಿಳೀದು, ಮೈಗೆ ನೀಲೀದು. ಬಾಗಲದಿಂದ ದಿನಾ ನೋಡ್ತೀನಿ. ನಂಗ್ಯಾಕ ಒಂದ?"

"ಬೇಕಂದ್ರ ಕೇಳಬೇಕಿತ್ತು ನೀವು."

"ಕೇಳಿದ್ರ ಯಾಕ ಅಂತೀರಿ. ಯಾಕ ಅಂದ್ರ ನಾ ಯಾರು ಅಂತ ಹೇಳಬೇಕು. ನಾ ಹೇಳೂದಿಲ್ಲ."

ನಿಜ ಹೇಳುತ್ತೇನೆ, ನನಗೆ ಆಗ ಬಂದದ್ದು ಕರುಣೆಯಲ್ಲ. ಏಳು ಸಮುದ್ರ ದಾಟಿ ಬಂದರೂ ಮಡಿಯಮ್ಮ ಬೆನ್ನು ಬಿಡಲಿಲ್ಲವಲ್ಲ ಎಂದು ಇನ್ನಷ್ಟು ಉರಿಯಿತು. ಚುಚ್ಚಬೇಕೆಂದೇ ನಮ್ಮಜ್ಜಿಯ ಬೊಗಸೆಯ ವಿಷಯ ಹೇಳಿದೆ. ಹೊಸ್ತಿಲು, ಚೊಂಬು, ಕಸಬರಿಗೆ ಎಲ್ಲ ಹೇಳಿದೆ. ಮಾತಿನ ಭರದಲ್ಲಿ ಸೆಟ್ಲಮೆಂಟ್, ತಂತಿ, ಹಾಜರಿಯೂ ಬಂದವು. ಅಲ್ಲಿಯ ತನಕ ಗೋಡೆ ನೋಡುತ್ತಿದ್ದ ಆನಾ ತಿರುಗಿದಳು.

"ನಿಮ್ಮಾಯಿ ತಂತಿ ಒಳಗ ಇದ್ಲಾ?"

"ಇದ್ಲು."

"ಏನ ಮಾಡಿದ್ಲು?"

"ಹುಟ್ಟಿದ್ಲು."

ಆನಾ ಬಾಗಿಲ ಕಡೆ ನೋಡಿದಳು. ಆಮೇಲೆ, "ಬಾಗಲಾ ಹಾಕು," ಎಂದಳು.

ಅವಳು ರೋಮಾ. ಯುರೋಪಿನವರು ಜಿಪ್ಸಿಗಳೆಂದು ಹೀಯಾಳಿಸಿ, ಕಳ್ಳರು, ಕಣಿ ಹೇಳುವವರು, ಅಲೆಮಾರಿಗಳು ಎಂದು ಊರಿಂದೂರಿಗೆ ಓಡಿಸಿದ ಜನ. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಯಹೂದಿಗಳ ಜೊತೆಗೆ ಈ ಜನರನ್ನೂ ಹುಡುಕಿ ಹುಡುಕಿ ಕೊಂದರು, ಲಕ್ಷಗಟ್ಟಲೆ. ನಾನು ಅದನ್ನು ಎಲ್ಲೂ ಓದಿರಲಿಲ್ಲ, ನಮ್ಮ ಶಾಲೆಯ ಪುಸ್ತಕದಲ್ಲಿ ಒಂದು ಸಾಲೂ ಇರಲಿಲ್ಲ. ಕೇಳಿದ್ದು ಆನಾಳ ಬಾಯಿಂದ, ಒಂದೇ ದಿನ ಅಲ್ಲ, ಸ್ವಲ್ಪ ಸ್ವಲ್ಪವಾಗಿ.

ಅವಳು ಪುಟ್ಟ ಹುಡುಗಿಯಾಗಿದ್ದಾಗ ಅವರ ಕೇರಿಗೆ ಕೋಟು ಹಾಕಿದ ಒಬ್ಬ ಹೆಂಗಸು ಬಂದಳಂತೆ. ನಗುಮುಖ. ಮಕ್ಕಳಿಗೆ ಮಿಠಾಯಿ ಕೊಟ್ಟಳು, ತಲೆಯ ಸುತ್ತಳತೆ ತೆಗೆದಳು, ಕಣ್ಣಿನ ಬಣ್ಣ ನೋಡಿದಳು. ಪ್ರತಿಯೊಬ್ಬರಿಗೂ ಒಂದೇ ಪ್ರಶ್ನೆ: ನಿಮ್ಮ ಅಮ್ಮನ ಹೆಸರೇನು, ಅಮ್ಮನ ಅಮ್ಮನ ಹೆಸರೇನು? ಅತಿಥಿ ಕೇಳಿದ್ದಾಳೆಂದು ಎಲ್ಲರೂ ಖುಷಿಯಿಂದ ಹೇಳಿದರು. ಮುಂದೆ ಪೊಲೀಸರು ಬಂದದ್ದು ಆ ಹೆಸರುಗಳ ಜಾಡು ಹಿಡಿದೇ. ಒಂದು ಹಳೆಯ ಜಮೀನ್ದಾರಿ ಕೊಟ್ಟಿಗೆಗೆ ತಂದು, ದನ ಕಟ್ಟುವ ಜಾಗದಲ್ಲಿ ಹುಲ್ಲಿನ ಮೇಲೆ ಅವರನ್ನು ಕೂಡಿಹಾಕಿದರು. ಒಂದು ದಿನ ಅಜ್ಜಿಯನ್ನೂ ಮಾವಂದಿರನ್ನೂ ಅವರ ಮಕ್ಕಳನ್ನೂ ರೈಲಿಗೆ ಹತ್ತಿಸಿ ಪೋಲೆಂಡಿನ ಕಡೆ ಕಳಿಸಿದರು. ಆ ರೈಲಿನಲ್ಲಿ ಹೋದವರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ.

"ನಮ್ಮವ್ವ ಮತ್ತ ನಾನು ಉಳದ್ವಿ," ಅಂದಳು ಆನಾ. "ನಮ್ಮಲ್ಲಿ ಸೊಂಟದ ಮ್ಯಾಲಿಂದು ಬ್ಯಾರೆ, ಸೊಂಟದ ಕೆಳಗಿಂದು ಬ್ಯಾರೆ. ನೀರು ಬ್ಯಾರೆ, ಬಟ್ಟಿ ಬ್ಯಾರೆ, ತಿನ್ನೂ ಬೋಗಾಣಿಯಂತೂ ಯಾವುದಕ್ಕೂ ಕೂಡಂಗಿಲ್ಲ. ಅಲ್ಲಿ ಇದ್ದದ್ದು ಒಂದ ತಗಡಿನ ಬೋಗಾಣಿ. ಎಲ್ಲದಕ್ಕೂ ಅದನ್ನ ಬಳಸ್ರಿ ಅಂದ್ರು. ನಮ್ಮವ್ವ ಲಂಗ ಹರದು ಎರಡು ಪಟ್ಟಿ ಮಾಡಿದ್ಲು. ಮ್ಯಾಲಿಂದು ತಲೀಗೆ ಕಟ್ಟಿಕೊಂಡ್ಲು, ಕೆಳಗಿಂದು ಸೊಂಟಕ್ಕ ಸಿಗಿಸಿಕೊಂಡ್ಲು. ಬೋಗಾಣಿ ಮುಟ್ಟಲಿಲ್ಲ. ಹಿಮಾ ಬಿದ್ರ ಹಿಮದಾಗ ನನ್ನ ತೊಳೀತಿದ್ಲು. ಕಾವಲಿನವರು ನಗ್ತಿದ್ರು, ನೋಡ್ರಿ ಹೇನು ತುಂಬಿದ ರಾಣಿ ಅಂತ. ಆಮ್ಯಾಲ ಜ್ವರ ಬಂತು, ಎಲ್ಲಾರೂ ಸಾಯ್ಲಿಕ್ಕೆ ಹತ್ತಿದ್ರು, ಅಕೀನೂ ಸತ್ಲು. ಆದ್ರ ಎಲಾ, ಹೊಲಸಾಗಿ ಸಾಯಲಿಲ್ಲ. ರಾಣಿ ಆಗೇ ಸತ್ಲು."

ನಾನು ಅತ್ತೆ. ಅವಳು ಅಳಲಿಲ್ಲ.

ಯುದ್ಧ ಮುಗಿದ ಮೇಲಾದರೂ ನ್ಯಾಯ ಸಿಕ್ಕಿತೇ ಎಂದು ಕೇಳಿದೆ. ನಕ್ಕುಬಿಟ್ಟಳು. ಅದು ಸಾವಿನ ಶಿಬಿರವೇ ಅಲ್ಲ, ಬರೀ ಹಿಡಿದಿಟ್ಟ ಜಾಗ. ನಿಮ್ಮವರನ್ನು ಹಿಡಿದದ್ದು ನಿಮ್ಮ ನಡತೆ ಸರಿ ಇಲ್ಲದ್ದಕ್ಕೆ ಎಂದು ಪರಿಹಾರ ಕೊಡುವ ಕಚೇರಿಯವರು ಹೇಳಿ ಕಳಿಸಿದರಂತೆ. ದಶಕಗಟ್ಟಲೆ ಹಾಗೇ ಹೇಳುತ್ತಿದ್ದರಂತೆ. ನಮ್ಮದನ್ನೂ ಯಾರೂ ಜೈಲು ಎನ್ನಲಿಲ್ಲ, ಸೆಟ್ಲಮೆಂಟ್ ಎಂದರು. ಕೂಡಿಹಾಕುವವರಿಗೆ ಒಳ್ಳೊಳ್ಳೆ ಹೆಸರಿಡುವ ಕಲೆ ಎಲ್ಲ ದೇಶದಲ್ಲೂ ಬರುತ್ತದೆ.

ಆದರೂ ನಾನು ಬಿಡಲಿಲ್ಲ. "ನಮ್ಮನ್ನ, ಅಂದ್ರ ರೋಮಾ ಅಲ್ಲದವರನ್ನ, ನೀವೂ ಹೊಲಸು ಅಂತಿದ್ರೋ ಇಲ್ಲೋ?" ಎಂದೆ.

"ಅಂತಿದ್ವಿ ಮತ್ತ! ನಿಮ್ಮ ಮನಿ ನೋಡೇನಿ, ಅರಿವಿ ಒಗಿಯೂ ಬಕೀಟನ್ಯಾಗ ಕಾಯಿಪಲ್ಲೆ ತೊಳೀತೀರಿ," ಎಂದಳು. ಇಬ್ಬರೂ ನಕ್ಕೆವು. ಮಡಿಯ ಬಗ್ಗೆ ನನ್ನ ಮನಸ್ಸು ಪೂರ್ತಿ ಬದಲಾಯಿತೆಂದು ತಿಳಿಯಬೇಡಿ. ಕೊಡ ತುಂಬ ನೀರಿದ್ದವನು ಬಾಯಾರಿದವಳನ್ನು ದೂರ ನಿಲ್ಲಿಸುವ ಮಡಿ ನನಗೆ ಇಂದಿಗೂ ಹೇಸಿಗೆ. ಆದರೆ ಏನೂ ಇಲ್ಲದವಳು ಎರಡು ಹರಕು ಪಟ್ಟಿ ಹಿಡಿದು ನಾನು ದನವಲ್ಲ ಎಂದು ನಿಲ್ಲುವುದು ಬೇರೆ ಎಂದು ಅವಳು ನನಗೆ ತೋರಿಸಿದಳು.

ಅವಳು ಬಾಗಿಲು ಹಾಕಿಸಿದ ಮರುದಿನದಿಂದಲೇ ನಾನು ಕಪಾಟಿನ ಬಿಳಿ, ನೀಲಿ ಜೋಡಿ ಫ್ಲ್ಯಾನೆಲ್ ತೆಗೆದುಕೊಂಡು ಹೋದೆ. ಆನಾ ಕೈ ಎತ್ತಲಿಲ್ಲ, ಬೆಕ್ಕಿನ ಹಾಗೆ ಕಣ್ಣುಮುಚ್ಚಿ ಮೈ ಒರೆಸಿಸಿಕೊಂಡಳು. ಟ್ರೇಸಿ ನೋಡಿದಳು. "ಎಲಾ, ಅದು ಮಾವೊರಿ ರೆಸಿಡೆಂಟ್ಸ್‌ಗೆ ಅಂತ ಇಟ್ಟಿರೋದು. ಈಕೆ ಯುರೋಪಿಯನ್ ಅಲ್ವಾ?" ಎಂದಳು. ಸರಿ ಎಂದು ನಾನು ಒನೆಹುಂಗಾದ ಅಂಗಡಿಬೀದಿಗೆ ಹೋಗಿ ಮುಖಕ್ಕೆ ಹೊಸ ಬಿಳಿ, ಮೈಗೆ ಹಳದಿ ಫ್ಲ್ಯಾನೆಲುಗಳನ್ನೂ ಮೈಯ ನೀರಿಗೆ ಒಂದು ಕೆಂಪು ಬೇಸಿನ್ನನ್ನೂ ಕೊಂಡು ತಂದೆ. ನಾನಿದ್ದ ದಿನ ಎಲ್ಲ ಸುಗಮ. ನಾನಿಲ್ಲದ ದಿನ ಮತ್ತೆ ಎಲ್ಲದಕ್ಕೂ ಒಂದೇ ಬಿಳಿ ಬಟ್ಟೆ, ಮತ್ತೆ ಏಟು. ಲೋಸಾಗೆ, ನಿನಗೆ ಅಂದದ್ದಲ್ಲ, ಬಟ್ಟೆಗೆ ಅಂದದ್ದು ಎಂದಷ್ಟೇ ಹೇಳಿದೆ. ಕಾರಣ ಹೇಳುವಂತಿರಲಿಲ್ಲ. ಆನಾ ನನ್ನ ಬಾಯಿ ಕಟ್ಟಿದ್ದಳು. ರೋಗಿ ಹೇಳಬೇಡ ಎಂದದ್ದನ್ನು ಹೇಳುವ ನರ್ಸು ನರ್ಸೇ ಅಲ್ಲ, ಇದನ್ನು ಚೆನ್ನಾಗಿ ನೆನಪಿಡಿ.

ಅಷ್ಟರಲ್ಲಿ ಪೀಟರ್ ಮಾತಿನ ಮಧ್ಯೆ ಟ್ರೇಸಿಗೆ, ಅಮ್ಮ ಚಿಕ್ಕಂದಿನಲ್ಲಿ ಯಾವುದೋ ಯುದ್ಧದ ಕ್ಯಾಂಪಿನಲ್ಲಿದ್ದಳು ಎಂದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ನಿರಾಶ್ರಿತರ ಕ್ಯಾಂಪಿರಬೇಕು ಎಂದುಕೊಂಡಿದ್ದ. ಟ್ರೇಸಿ ಕಣ್ಣರಳಿಸಿದಳು. ಕ್ಯಾಂಪು, ಸ್ನಾನ, ವಿಷದ ಗಾಳಿ! ನಾಜಿಗಳು ಜನರನ್ನು ಸ್ನಾನಕ್ಕೆಂದು ಕರೆದು ವಿಷದ ಗಾಳಿ ಬಿಟ್ಟು ಕೊಂದದ್ದು ಅವಳಿಗೆ ಗೊತ್ತಿತ್ತು. ಈಕೆಗೆ ನೀರಿನ ಭಯ ಎಂದು ತೀರ್ಮಾನವಾಯಿತು. ಕೋಣೆಗೆ ಲ್ಯಾವೆಂಡರ್ ವಾಸನೆ ಬಂತು, ಕೊಳಲಿನ ಸಂಗೀತ ಬಂತು, ಹಣೆ ಸವರುವವರು ಬಂದರು, ಕೊನೆಗೆ ಮಂಪರು ತರುವ ಮಾತ್ರೆಯೂ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಟ್ಟೆ ಮಾತ್ರ ಎಲ್ಲದಕ್ಕೂ ಅದೇ ಒಂದು ಬಿಳಿ ಬಟ್ಟೆ. ಆನಾ ಮಾತ್ರೆಯನ್ನು ಹೂವಿನ ಕುಂಡಕ್ಕೆ ಉಗಿದಳು, ಲ್ಯಾವೆಂಡರ್ ಸೀಸೆಯನ್ನು ಕಿಟಕಿಯಿಂದಾಚೆ ಎಸೆದಳು. ಟ್ರೇಸಿ ಕುಟುಂಬದವರ ಸಭೆ ಕರೆದಳು. ಹಿಂದಿನ ವಾರ್ಡಿನಲ್ಲಿ ಹಾಸಿಗೆಯೂ ಖಾಲಿಯಾಗಿತ್ತು.

ಸಭೆಯ ಹಿಂದಿನ ದಿನ ನಾನು ಆನಾಳಿಗೆ ನೇರವಾಗಿ ಹೇಳಿದೆ. "ನೀವು ಹೇಳಿದ್ರ ಉಳೀತೀರಿ. ಹೇಳದಿದ್ರ ಬೀಗ. ನಾ ಹೇಳಂಗಿಲ್ಲ."

"ನೀ ಹ್ಯಾಂಗ ಹೇಳ್ತಿ, ಎಲ್ಲಾರ ಮುಂದ? ಕೊರವರು, ಸೆಟ್ಲಮೆಂಟು ಅಂತ? ಅಂಜಿಕಿ ಬರೂದಿಲ್ಲ?"

"ಬರ್ತೈತಿ. ಅವರ ಮಾರಿ ನೋಡ್ತೀನಿ. ಅಂಜಿಕಿ ಅವರ ಕಡೆ ಹೋಗ್ತೈತಿ."

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಸಭೆಯಲ್ಲಿ ಟ್ರೇಸಿ, ಪೀಟರ್, ನಾನು. ಲೋಸಾಳೂ ಇರಬೇಕೆಂದು ನಾನೇ ಹಟ ಹಿಡಿದು ಕೂರಿಸಿದ್ದೆ. ಆನಾ ಗಾಲಿಕುರ್ಚಿಯಲ್ಲಿ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಂದಳು.

"ನಿಮ್ಮ ಸೇಫ್ಟಿಗೋಸ್ಕರಾನೇ, ಆನಾ. ಅಲ್ಲಿ ಗಾರ್ಡನ್ ಇದೆ, ಸ್ಟಾಫ್ ಜಾಸ್ತಿ," ಎಂದಳು ಟ್ರೇಸಿ, ನಿಜವಾದ ಮರುಕದಿಂದಲೇ.

"ಬಾಗಲಾ?"

"ಬಾಗಿಲಿಗೆ ಒಂದು ಕೋಡ್ ಇರುತ್ತೆ, ಅಷ್ಟೇ. ನಿಮಗೆ ನೀರು ಕಂಡ್ರೆ ಭಯ ಅಂತ ನಮಗೆ ಅರ್ಥ ಆಗುತ್ತೆ."

"ಭಯಾ?" ಆನಾ ಕುರ್ಚಿಯ ಕೈ ಹಿಡಿದು ಎದ್ದು ನಿಲ್ಲಲು ನೋಡಿದಳು, ಆಗಲಿಲ್ಲ. ಕೂತೇ ಹೇಳಿದಳು. "ನಂಗ ಭಯ ಇದ್ದದ್ದು ಒಂದಕ್ಕ, ಹೆಸರು ಹೇಳಲಿಕ್ಕೆ. ಇವತ್ತು ಅದೂ ಹೋತು. ಪೀಟರ್, ಇಲ್ಲಿ ನೋಡು. ನಾ ಆಸ್ಟ್ರಿಯಾದಾಕಿ ಅಂತ ಹೇಳಿದ್ನಿ. ಸುಳ್ಳಲ್ಲ, ಅರ್ಧ ಖರೆ. ನಾ ರೋಮಾ. ನೀವೆಲ್ಲ ಜಿಪ್ಸಿ ಅಂತೀರಲ್ಲ, ಅದ." ಆಮೇಲೆ ಕೊಟ್ಟಿಗೆ, ರೈಲು, ಬೋಗಾಣಿ, ಎರಡು ಪಟ್ಟಿ, ಎಲ್ಲವನ್ನೂ ಹೇಳಿದಳು. "ನಮ್ಮವ್ವನ್ನ ಹೊಲಸು ಮಾಡಲಿಕ್ಕೆ ಬಂದೂಕು ಹಿಡಿದವರಿಗೇ ಆಗಲಿಲ್ಲ. ಇಷ್ಟು ಛಲೋ ಬಿಸಿನೀರು ಇಟ್ಕೊಂಡು ನೀವು ನನ್ನ ಹೊಲಸು ಮಾಡ್ತೀರೇನು? ಎರಡು ಬಟ್ಟಿ ಕೊಡ್ರಿ. ಇಲ್ಲಾ ಅಂದ್ರ ಆ ಬಾಗಲದೊಳಗೂ ಹೊಡೀತೀನಿ, ಸಾಯೂತನಕ ಹೊಡೀತೀನಿ."

ಮೊದಲು ಬಾಯಿ ಬಿಟ್ಟವಳು ಲೋಸಾ. "ಅಯ್ಯ ಅಜ್ಜಿ, ಮೊದಲ ಹೇಳಬಾರದಾ? ಪಾತ್ರಿ ಒರಸೂ ಬಟ್ಟೀನ ಒಳಬಟ್ಟಿ ಜೋಡಿ ಒಗದ್ರ ನಮ್ಮವ್ವ ಕಸಬರಿಗಿ ಮುರಿಯೂತನಕ ಹೊಡೀತಿದ್ಲು," ಎಂದು ಮೂಗು ಒರೆಸಿಕೊಂಡಳು. ಆನಾ ಅವಳ ಕೈ ಹಿಡಿದು, "ನಿಂಗ ಅಂದದ್ದಲ್ಲ ಕೂಸು," ಎಂದಳು.

ಟ್ರೇಸಿಯ ಮುಖ ಕೆಂಪಾಗಿತ್ತು. ನನಗೆ ಅವಳ ಮೇಲೆ ಗೌರವ ಬಂದದ್ದು ಆ ಹೊತ್ತಿನಲ್ಲಿ. ಸಬೂಬು ಹೇಳಲಿಲ್ಲ. "ಇದನ್ನ ನಿಮ್ಮ ಫೈಲಲ್ಲಿ ಬರೆದ್ರೆ ಎಲ್ಲಾ ಶಿಫ್ಟ್‌ನವರಿಗೂ ಗೊತ್ತಾಗುತ್ತೆ. ಬರೀಲಾ? ಬೇಡ ಅಂದ್ರೆ ಬರೆಯಲ್ಲ," ಎಂದು ಕೇಳಿದಳು.

"ಬರಿ. ದೊಡ್ಡ ಅಕ್ಷರದಾಗ ಬರಿ. ಈ ಸಲ ಹೇಳಿದಾಕಿ ನಾನು."

ಪೀಟರ್ ಅಲ್ಲಿಯ ತನಕ ನೆಲ ನೋಡುತ್ತಿದ್ದ. ತಲೆ ಎತ್ತಿ, ತಡವರಿಸುತ್ತ ಕೇಳಿದ. "ಮಮ್, ನಿಮ್ಮವ್ವನ ಹೆಸರೇನು?"

ಕೋಟಿನ ಹೆಂಗಸು ಮಿಠಾಯಿ ಹಂಚಿ ಕೇಳಿದ್ದೂ ಇದೇ ಪ್ರಶ್ನೆ. ಆನಾ ಮಗನ ಮುಖವನ್ನೇ ನೋಡುತ್ತಿದ್ದಳು. ಕೈ ತಂತಾನೇ ಸ್ಕಾರ್ಫಿಗೆ ಹೋಯಿತು.

"ರೂಜಾ," ಎಂದಳು. "ಅಕಿ ಅವ್ವ ಮಾರಾ."

ಅವನು ಎರಡೂ ಹೆಸರನ್ನು ಮೆಲ್ಲಗೆ ಹೇಳಿಕೊಂಡ. ಹೊರಗೆ ಹೋಗಿ ಯೂಟ್‌ನಲ್ಲಿ ಬಹಳ ಹೊತ್ತು ಕೂತಿದ್ದ. ಆಮೇಲೆ ತಾನೇ ಒಳಗೆ ಬಂದು ಅಮ್ಮನ ಕುರ್ಚಿ ತಳ್ಳಿಕೊಂಡು ಅವಳ ಹಳೆಯ ಕೋಣೆಗೇ ಕರೆದುಕೊಂಡು ಹೋದ.

ಟ್ರೇಸಿ ಮುಂದಿನ ವಾರದಿಂದ ಹೊಸ ಪದ್ಧತಿ ತಂದಳು. ಹೊಸಬರು ಯಾರೇ ಬರಲಿ, ಯಾವ ಜನಾಂಗವೇ ಇರಲಿ, ಮೈ ತೊಳೆಯುವುದು ಹೇಗೆ ಬೇಕು ಎಂದು ಅವರನ್ನೇ ಕೇಳಬೇಕು. ಇಷ್ಟು ವರ್ಷ ಇದನ್ನು ಯಾಕೆ ಕೇಳಲಿಲ್ಲವೋ! ಆನಾ ಇನ್ನೂ ಒಂದೆರಡು ಚಳಿಗಾಲ ಕಳೆದಳು. ನನ್ನನ್ನು ಎಲಾ ಎನ್ನುವುದು ಬಿಟ್ಟು, ನಾಲಗೆ ತಿರುಗಿಸಿ ತಿರುಗಿಸಿ ಯಲ್ಲವ್ವ ಎಂದು ಕರೆಯಲು ಕಲಿತಳು. ನ್ಯಾನಿ ಹಿನೆಯ ಜೊತೆ ಇಸ್ಪೀಟಾಡಿ ಮೋಸ ಮಾಡುತ್ತಿದ್ದಳು. "ಜಿಪ್ಸಿ ಅಂದಮ್ಯಾಲ ಕದೀಬೇಕಲ್ಲ," ಎಂದು ಕಣ್ಣು ಹೊಡೆಯುತ್ತಿದ್ದಳು. ಒಮ್ಮೆ, "ನಮ್ಮ ಮನಿತನದಾಗ ಸತ್ತವರನ್ನ ಮನಿಯವರು ಮುಟ್ಟೂದಿಲ್ಲ, ಹೊರಗಿನವರು ತೊಳೀಬೇಕು. ಪೀಟರ್‌ಗ ಹೇಳೇನಿ. ನೀ ಹೊರಗಿನಾಕಿ, ಹಂಗಾಗಿ ನೀನ ಮಾಡಬೇಕು," ಎಂದಳು. ಹೊರಗಿನವಳು ಎಂದು ಅನ್ನಿಸಿಕೊಂಡು ನನಗೆ ಹೆಮ್ಮೆಯಾದದ್ದು ಅದೊಂದೇ ಸಲ.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಆನಾ ತೀರಿಹೋದಳು. ಟ್ರೇಸಿ ರಜೆಯಲ್ಲಿದ್ದಳು, ಅವಳ ಜಾಗಕ್ಕೆ ಬಂದಿದ್ದವಳು ಹೊಸಬಳು. ನಾನು ಎರಡು ಬೇಸಿನ್ ತುಂಬುವುದನ್ನು ನೋಡಿ ಆಕೆ, ಶವ ಒಯ್ಯುವವರು ದಾರಿಯಲ್ಲಿದ್ದಾರೆ, ಬೇಗ ಒಂದು ಸಲ ಒರೆಸಿಬಿಡಿ, ಇನ್ನು ಆಕೆಗೇನು ಗೊತ್ತಾಗುತ್ತದೆ ಎಂದಳು.

"ನಂಗ ಗೊತ್ತಾಗ್ತೈತಿ," ಎಂದೆ. "ಅವರು ಕಾಯಲಿ."

ಪೀಟರ್ ಬಾಗಿಲ ಹೊರಗೆ ನಿಂತಿದ್ದ, ತಾಯಿ ಹೇಳಿದ ಹಾಗೆ ಒಳಗೆ ಬರದೆ. ಲೋಸಾ ಬೇಸಿನ್ ಹಿಡಿದಳು. ಬಿಳಿ ಬಟ್ಟೆಯಿಂದ ಮುಖ, ಕಿವಿಯ ಹಿಂದೆ, ಕತ್ತು, ಕೈ. ಆ ನೀರನ್ನು ಚೆಲ್ಲಿ, ಕೆಂಪು ಬೇಸಿನ್ನಿನಲ್ಲಿ ಹಳದಿ ಬಟ್ಟೆಯಿಂದ ಉಳಿದದ್ದು. ಅವಸರ ಮಾಡಲಿಲ್ಲ. ಕೊನೆಗೆ ತಲೆಗೆ ಸ್ಕಾರ್ಫ್ ಕಟ್ಟಿದೆ. ರಾಣಿಯ ಹಾಗೇ ಇದ್ದಳು.

ಹುಡುಗಿಯರೇ, ನೀವು ಕೆಲಸಕ್ಕೆ ಸೇರಿದ ಮೊದಲ ದಿನ ಬಟ್ಟೆಯನ್ನು ನೀರಿಗೆ ಅದ್ದುವ ಮೊದಲು ಆ ಮನುಷ್ಯರನ್ನು ಕೇಳಿ. ಬೇಕೆಂದರೆ ಎರಡು ಬೇಸಿನ್ ಇಡಿ. ತಡವಾಯಿತು ಎನ್ನುತ್ತಾರೆ, ಎನ್ನಲಿ. ನಿಮಗಿದನ್ನು ಯಾರು ಹೇಳಿಕೊಟ್ಟರು ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ. ಕೊಟ್ಟಿಗೆಯಲ್ಲಿ ಸತ್ತ ರೂಜಾ ತನ್ನ ಮಗಳಿಗೆ ಹೇಳಿಕೊಟ್ಟಳು, ಮಗಳು ಬೆಟಗೇರಿ ಸೆಟ್ಲಮೆಂಟಿನ ಕೊರವರ ಯಲ್ಲವ್ವನಿಗೆ ಹೇಳಿಕೊಟ್ಟಳು ಎಂದು ಹೇಳಿ. ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿ.